ಹಳೆಯ ಯಂತ್ರ, ಎರೆಮಣ್ಣು ಮತ್ತು ಒಂದು ಚೋಟಿನ ಕಾಲುವೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಿಂದಗಿ ಸೀಮೆಯ ಮೋರಟಗಿಯಲ್ಲಿ ನಿಂತವರಿಗೆ ಕಣ್ಣು ಹಾಯುವಷ್ಟು ದೂರವೂ ಕಾಣುವುದು ಕಪ್ಪು ನೆಲ. ಕಾಡಿಲ್ಲ, ಕಣಿವೆಯಿಲ್ಲ, ಬೇಲಿಯೂ ಅಪರೂಪ. ಆಗುಂಬೆಯಂಥ ಊರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವುದುಂಟು. ವಿಜಯಪುರ ಜಿಲ್ಲೆಗೆ ವರ್ಷವಿಡೀ ಬೀಳುವುದು ಸುಮಾರು ಆರುನೂರು ಮಿಲಿಮೀಟರ್. ಇಂಥ ಬಯಲಿನ ಊರಿನ ಕಥೆ ಗುಡ್ಡಗಾಡಿನವರಿಗೆ ಏಕೆ ಬೇಕು ಎಂಬ ಪ್ರಶ್ನೆ ಸಹಜ. ನೆಲವನ್ನು ಸೀಳುವ ಯಂತ್ರ ಬಯಲಿಗೂ ಬಂದಿದೆ, ಬೆಟ್ಟಕ್ಕೂ ಬಂದಿದೆ. ಅದು ತಪ್ಪು ಮಾಡಿದರೆ ಬಯಲು ಕೆಲವು ವರ್ಷ ಸಹಿಸಿಕೊಳ್ಳುತ್ತದೆ. ಬೆಟ್ಟ ಒಂದು ಮಳೆಗಾಲವನ್ನೂ ಸಹಿಸುವುದಿಲ್ಲ. ಆದ್ದರಿಂದ ಮೊದಲು ಬಯಲಿನಲ್ಲಿ ಕಲಿಯುವುದು ಕ್ಷೇಮ.

ಮೋರಟಗಿಯಲ್ಲಿ ನಾಲ್ಕೆಕರೆ ಎರೆಹೊಲವಿರುವ ಒಬ್ಬ ರೈತನನ್ನು ಊಹಿಸಿಕೊಳ್ಳಬಹುದು. ಕೊಳವೆಬಾವಿ ಹೊಲದ ಒಂದು ತುದಿಯಲ್ಲಿದೆ, ಮನೆ ಇನ್ನೊಂದು ತುದಿಯಲ್ಲಿ. ಮನೆಗೆ ನೀರಿನ ಪೈಪು ಬೇಕು, ದನದ ಕೊಟ್ಟಿಗೆಗೊಂದು ಕವಲು ಬೇಕು, ನಿಂಬೆ ಗಿಡಗಳಿಗೆ ಹನಿ ನೀರಾವರಿಯ ಮುಖ್ಯ ಕೊಳವೆ ಬೇಕು, ಬಚ್ಚಲ ನೀರು ಇಂಗುಗುಂಡಿ ಸೇರಬೇಕು. ಎಲ್ಲಕ್ಕೂ ಕಾಲುವೆ ತೋಡಲೇಬೇಕು. ಆಳುಗಳನ್ನು ಹಚ್ಚಿದರೆ ವಾರಗಟ್ಟಲೆ ಕೆಲಸ. ಜೆಸಿಬಿ ತರಿಸಿದರೆ ಅರ್ಧ ದಿನದಲ್ಲಿ ಮುಗಿಯುತ್ತದೆ, ಆದರೆ ಹೊಲ ಯುದ್ಧಭೂಮಿಯಾಗುತ್ತದೆ. ಆಗ ಅವನ ಕಿವಿಗೆ ಬೀಳುವುದು ಮೂರನೆಯ ದಾರಿ: ಎಲ್ಲೋ ಕೇಬಲ್ ಕೆಲಸ ಮುಗಿಸಿದ ಗುತ್ತಿಗೆದಾರನ ಬಳಿ ಒಂದು ಹಳೆಯ ಟ್ರೆಂಚರ್ ಇದೆ, ಕಡಿಮೆ ಬೆಲೆಗೆ ಸಿಗುತ್ತದೆ. ಈ ಉಪನ್ಯಾಸ ಅವನ ಆ ಒಂದು ನಿರ್ಧಾರದ ಸುತ್ತ ಸಾಗುತ್ತದೆ.

ನೀರಿಗಾಗಿ ನೆಲ ತೋಡುವುದು ಆ ಜಿಲ್ಲೆಗೆ ಹೊಸದೇನಲ್ಲ. 1651ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, ಬಿಜಾಪುರ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ನಿರ್ಮಾಣವಾಯಿತು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಗಾರೆಗಲ್ಲಿನ ಕವಚದೊಳಗೆ ಹುಗಿದು ನಗರಕ್ಕೆ ನೀರು ತರಲಾಯಿತು. ನಡುನಡುವೆ ನೀರಿನ ಒತ್ತಡ ತಗ್ಗಿಸಲು, ಕೆಸರು ತಳಕ್ಕಿಳಿಯಲು ಗೋಪುರಗಳನ್ನು ಕಟ್ಟಿದರು. ಅವುಗಳನ್ನು ಇಂದಿಗೂ ಗಂಜ್ ಎನ್ನುತ್ತಾರೆ. ಬರಿಯ ಮಣ್ಣಿನ ಕೊಳವೆ ಎರೆನೆಲದಲ್ಲಿ ಉಳಿಯದು, ಅದಕ್ಕೊಂದು ಗಟ್ಟಿ ಹಾಸಿಗೆಯೂ ಕವಚವೂ ಬೇಕು ಎಂಬುದು ಆ ಕುಶಲಕರ್ಮಿಗಳಿಗೆ ತಿಳಿದಿತ್ತು. ಇಂದು ಪ್ಲಾಸ್ಟಿಕ್ ಪೈಪನ್ನು ಹೆಂಟೆಗಳ ಮೇಲೆಸೆದು ಮುಚ್ಚುವವರಿಗೆ ಅಷ್ಟೂ ತಿಳಿದಿಲ್ಲವೇನೋ ಎನಿಸುತ್ತದೆ. 1942ರಲ್ಲಿ ಮುಂಬಯಿ ಪ್ರಾಂತ್ಯವು ಭೂಸುಧಾರಣಾ ಯೋಜನೆಗಳ ಕಾಯ್ದೆ ತಂದಾಗ ಬಿಜಾಪುರ ಆ ಪ್ರಾಂತ್ಯಕ್ಕೆ ಸೇರಿತ್ತು. ಅದೇ ವೇಳೆಗೆ ಬಂದ ಬರದಲ್ಲಿ ಒಡ್ಡು ಹಾಕುವ ಕೆಲಸ ಸಾವಿರಾರು ಜನರ ಹೊಟ್ಟೆ ಹೊರೆಯಿತು. ಗುದ್ದಲಿ, ಸಲಿಕೆ, ಬುಟ್ಟಿಗಳಿಂದಲೇ ಆದ ಕೆಲಸವದು. ಒಡ್ಡರ ಕೈಯಲ್ಲಿದ್ದ ಮಣ್ಣಿನ ಜ್ಞಾನ ಯಾವ ಕಾಗದದಲ್ಲೂ ದಾಖಲಾಗಲಿಲ್ಲ ಎಂಬುದು ನಾಡಿಗಾದ ನಷ್ಟ.

ಎರೆಮಣ್ಣಿನ ಸ್ವಭಾವವನ್ನು ಅರಿಯದೆ ಯಂತ್ರದ ಮಾತು ಆಡುವಂತಿಲ್ಲ. ದಖ್ಖನಿನ ಲಾವಾಶಿಲೆ ಸವೆದು ಬಂದ ಈ ಮಣ್ಣಿನಲ್ಲಿ ಜಿಗುಟುಕಣಗಳ ಪಾಲು ಹೆಚ್ಚು. ಆ ಕಣಗಳು ಪದರಪದರವಾಗಿದ್ದು, ನೀರು ಪದರಗಳ ನಡುವೆ ಸೇರಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದು ಇದರಿಂದಲೇ. ಕೆಲವು ಬಿರುಕುಗಳಲ್ಲಿ ಆಳೆತ್ತರದ ಕೋಲು ಅರ್ಧಕ್ಕೂ ಹೆಚ್ಚು ಇಳಿಯುತ್ತದೆ. ಹೀಗೆ ಪ್ರತಿ ವರ್ಷ ಏರಿ ಇಳಿಯುವ ನೆಲದಲ್ಲಿ ಹುಗಿದ ಪೈಪು ಸುಮ್ಮನೆ ಮಲಗಿರುವುದಿಲ್ಲ. ನೆಲ ಅದನ್ನು ಎಳೆಯುತ್ತದೆ, ಬಾಗಿಸುತ್ತದೆ, ಅಂಟು ಹಾಕಿದ ಜೋಡಣೆಯನ್ನು ಬಿಚ್ಚುತ್ತದೆ. ಪೈಪು ಒಡೆದದ್ದಕ್ಕೆ ಅಂಗಡಿಯವನನ್ನು ಬೈಯುವವರಲ್ಲಿ ಹಲವರು ಬೈಯಬೇಕಾದದ್ದು ತಾವು ತೋಡಿದ ಕಾಲುವೆಯನ್ನು.

ಯಂತ್ರಕ್ಕೂ ಈ ಮಣ್ಣು ಸುಲಭದ ಎದುರಾಳಿಯಲ್ಲ. ಹಸಿ ಇದ್ದಾಗ ಸರಪಳಿಯ ಹಲ್ಲುಗಳಿಗೆ ಅಂಟಿ ಗಟ್ಟಿಯಾದ ರೊಟ್ಟಿಯಂತೆ ಸುತ್ತಿಕೊಳ್ಳುತ್ತದೆ. ಮಣ್ಣು ಹೊರಬೀಳದೆ ಇಂಜಿನ್ ಏದುಸಿರು ಬಿಡುತ್ತದೆ. ಏಪ್ರಿಲ್ ತಿಂಗಳ ಒಣ ಎರೆಯಾದರೋ ಕಲ್ಲಿನಷ್ಟು ಗಡುಸು. ಇವೆರಡರ ನಡುವೆ ಕೆಲವೇ ದಿನಗಳ ಹದವಿರುತ್ತದೆ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೆದು ಚದುರಬೇಕು. ಬಿತ್ತನೆಗೆ ಹದ ನೋಡುವ ರೈತನಿಗೆ ಇದನ್ನು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಆದರೆ ಬಾಡಿಗೆ ಯಂತ್ರದವನು ತನ್ನ ಬಿಡುವಿನ ದಿನಕ್ಕೆ ಬರುತ್ತಾನೆಯೇ ಹೊರತು ಹೊಲದ ಹದಕ್ಕೆ ಬರುವುದಿಲ್ಲ. ಸ್ವಂತ ಯಂತ್ರವಿದ್ದರೆ ಹದಕ್ಕಾಗಿ ಕಾಯಬಹುದು. ಹಳೆಯ ಯಂತ್ರ ಕೊಳ್ಳುವುದಕ್ಕೆ ಇರುವ ಕಾರಣಗಳಲ್ಲಿ ಇದೇ ಬಲವಾದದ್ದು.

ಕಾಲುವೆ ತೋಡುವ ಯಂತ್ರ ಹುಟ್ಟಿದ ಬಗೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. 1890ರ ದಶಕದಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಜೇಮ್ಸ್ ಹಿಲ್ ಎಂಬಾತ ಉಗಿಯಿಂದ ನಡೆಯುವ ಕಾಲುವೆ ಯಂತ್ರವೊಂದನ್ನು ರೂಪಿಸಿದ. ದೊಡ್ಡದೊಂದು ಚಕ್ರ ತಿರುಗುತ್ತ ನೆಲವನ್ನು ಸೀಳುತ್ತಿತ್ತು. ಆ ಸೀಳಿನಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಜೋಡಿಸಿ ನೀರು ಬಸಿಯಲು ಬಿಡುತ್ತಿದ್ದರು. ಅಲ್ಲಿ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ವಿಶಾಲವಾದ ಜೌಗು ಕಾಡಿತ್ತು. ಗುದ್ದಲಿಯಿಂದ ಆರಂಭವಾಗಿದ್ದ ಅದರ ಬಸಿತವನ್ನು ಯಂತ್ರ ತ್ವರೆಗೊಳಿಸಿತು. ಜೌಗು ಹೋಗಿ ಫಲವತ್ತಾದ ಹೊಲಗಳಾದವು. ಲಾಭವೇನೋ ದೊಡ್ಡದು. ಆದರೆ ನೀರನ್ನು ಸೋಸುತ್ತಿದ್ದ ಜೌಗು ಇಲ್ಲವಾದ ಮೇಲೆ ಹೊಲಗಳ ರಂಜಕ ಕಾಲುವೆ, ಕೊಳವೆ, ನದಿಗಳ ಮೂಲಕ ಈರಿ ಸರೋವರ ಸೇರತೊಡಗಿತು. 2014ರ ಆಗಸ್ಟಿನಲ್ಲಿ ಆ ಸರೋವರದಲ್ಲಿ ವಿಷಪಾಚಿ ಹಬ್ಬಿ, ಟೊಲೆಡೊ ನಗರ ಪ್ರದೇಶದ ಸುಮಾರು ಐದು ಲಕ್ಷ ಜನರಿಗೆ ನಲ್ಲಿಯ ನೀರು ಕುಡಿಯಬೇಡಿರೆಂದು ಹೇಳಬೇಕಾಯಿತು. ನೂರು ವರ್ಷ ಹಿಂದೆ ತೋಡಿದ ಕಾಲುವೆಯ ಬಾಕಿ ಹೀಗೆ ವಸೂಲಾಯಿತು.

ಮನೆಗೆಲಸಕ್ಕೆ ಒಗ್ಗುವ ಚಿಕ್ಕ ಯಂತ್ರ ಬಂದದ್ದು ಮತ್ತೂ ತಡವಾಗಿ. ಓಕ್ಲಹೋಮಾದ ಪೆರ್ರಿ ಎಂಬ ಊರಿನ ಎಡ್ ಮಾಲ್ಜಾನ್, ಕೊಳಾಯಿ ಕೆಲಸದವರು ಮನೆಮನೆಗೆ ಕೈಯಿಂದ ಕಾಲುವೆ ತೋಡುವ ಕಷ್ಟವನ್ನು ಕಂಡು, ತಂದೆಯ ಕಮ್ಮಟದಲ್ಲಿ ಪುಟ್ಟ ಯಂತ್ರವೊಂದನ್ನು ಕಟ್ಟಿದ. 1949ರ ಹೊತ್ತಿಗೆ ಅದು ಡಿಚ್ ವಿಚ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಹಳ್ಳಿಗಳಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರಗಳಿಗೆಲ್ಲ ಹೆಸರಾಗಿಬಿಟ್ಟಿರುವ ಜೆಸಿಬಿ, ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡನ ಮೊದಲಕ್ಷರಗಳು. ಆ ಕಂಪನಿ 1979ರಲ್ಲಿ ಹರಿಯಾಣದ ಬಲ್ಲಭಗಢದ ಮೂಲಕ ಭಾರತಕ್ಕೆ ಕಾಲಿಟ್ಟಿತು. ಜೆಸಿಬಿ ಊರೂರಿಗೆ ಮುಟ್ಟಿತು, ಟ್ರೆಂಚರ್ ಮುಟ್ಟಲಿಲ್ಲ. ಇಲ್ಲಿ ಅದು ಬಂದದ್ದು ಹೆಚ್ಚಾಗಿ ದೂರವಾಣಿ ಕೇಬಲ್ಲಿನ ಗುತ್ತಿಗೆದಾರರ ಹಿಂದೆ, ಟ್ರ್ಯಾಕ್ಟರಿಗೆ ಜೋಡಿಸುವ ಉಪಕರಣವಾಗಿ.

ಎರಡರ ನಡುವಿನ ವ್ಯತ್ಯಾಸವನ್ನು ಒಂದು ಲೆಕ್ಕ ಸಾಕಷ್ಟು ಸ್ಪಷ್ಟಗೊಳಿಸುತ್ತದೆ. ನೂರು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್ ಆಳದ ಕಾಲುವೆಯನ್ನು ಸರಪಳಿ ಯಂತ್ರ ಹದಿನೈದು ಸೆಂಟಿಮೀಟರ್ ಅಗಲದಲ್ಲಿ, ಅಂದರೆ ಒಂದು ಚೋಟಿನಲ್ಲಿ, ತೋಡಬಲ್ಲದು. ಮೇಲೆ ಬರುವ ಮಣ್ಣು 9 ಘನ ಮೀಟರ್. ಅದೇ ಕಾಲುವೆಯನ್ನು ಎರಡಡಿ ಬಕೆಟ್ಟಿನ ಜೆಸಿಬಿ ತೋಡಿದರೆ 36 ಘನ ಮೀಟರ್. ಘನ ಮೀಟರಿಗೆ ಒಂದೂವರೆ ಟನ್ ಎಂದಿಟ್ಟುಕೊಂಡರೂ ನಲವತ್ತು ಟನ್ನಿನಷ್ಟು ಮಣ್ಣು ಅನಾವಶ್ಯಕವಾಗಿ ಬುಡಮೇಲಾಗುತ್ತದೆ. ಮೇಲಿನ ಒಂದಡಿ ಕಪ್ಪು ಮಣ್ಣು ಕೆಳಗೆ ಹೋಗಿ, ಕೆಳಗಿದ್ದ ಸುಣ್ಣದ ಹರಳು, ಗರಸು ಮೇಲೆ ಬಂದ ಜಾಗದಲ್ಲಿ ಜೋಳ ಹಲವು ವರ್ಷ ಕುಳ್ಳಾಗಿಯೇ ಇರುತ್ತದೆ. ದೂರದಿಂದ ನೋಡಿದವರಿಗೂ ಪೈಪು ಎಲ್ಲಿ ಹೋಗಿದೆಯೆಂದು ಬೆಳೆಯೇ ಗೆರೆ ಎಳೆದು ತೋರಿಸುತ್ತದೆ.

ಇನ್ನು ಕೊಳ್ಳುವ ಮಾತು. ಹಳೆಯ ಯಂತ್ರವನ್ನು ನೋಡಲು ಹೋಗುವವನು ಮೊದಲು ಬಣ್ಣವನ್ನು ನಂಬಬಾರದು. ಹೊಸ ಬಣ್ಣ ಬಳಿದ ಹಳೆಯ ತೋಳು ಬೆಸುಗೆಯ ಗುರುತನ್ನು ಮುಚ್ಚಿರಬಹುದು. ತೋಳಿನ ಬುಡದಲ್ಲಿ, ಅದು ಯಂತ್ರಕ್ಕೆ ಸೇರುವ ಮೂಲೆಯಲ್ಲಿ ಬೆರಳಾಡಿಸಿ ನೋಡಬೇಕು. ಯಂತ್ರವನ್ನು ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದಾನೆಯೇ ಎಂದು ಇಂಜಿನ್ನಿನ ಮೇಲೆ ಕೈಯಿಟ್ಟು ತಿಳಿಯಬೇಕು. ತಣ್ಣಗಿನ ಇಂಜಿನ್ ಹೊತ್ತುವ ರೀತಿಯೇ ಅದರ ಜಾತಕ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆತ ಚಹಾದ ಬಣ್ಣ ಕಂಡರೆ ಒಳಗೆ ನೀರು ಸೇರಿದೆ. ಅಂಥ ಯಂತ್ರವನ್ನು ಬಿಟ್ಟಿಯಾಗಿ ಕೊಟ್ಟರೂ ಬೇಡ. ಗಂಟೆ ತೋರಿಸುವ ಮೀಟರನ್ನು ಕಳಚಿಟ್ಟು ಓಡಿಸಿರಬಹುದು, ಆದರೆ ಸವೆದ ಹಿಡಿಕೆ ಮತ್ತು ಪೆಡಲು ಸುಳ್ಳು ಹೇಳಲಾರವು.

ಸರಪಳಿಯೇ ಈ ಯಂತ್ರದ ಹೊಟ್ಟೆಬಾಕ ಭಾಗ. ಹಲ್ಲುಗಳು ಸವೆದಿದ್ದರೆ ಚಿಂತೆಯಿಲ್ಲ, ಅವು ಬದಲಾಯಿಸಲೆಂದೇ ಇರುವುವು. ಸರಪಳಿಯ ಕೊಂಡಿಗಳು ಸಡಿಲವಾಗಿ ಹಿಗ್ಗಿದ್ದರೆ, ಅದನ್ನು ತಿರುಗಿಸುವ ಹಲ್ಲುಚಕ್ರದ ಹಲ್ಲುಗಳು ಚೂಪಾಗಿ ಕೊಕ್ಕೆಯಂತೆ ಬಾಗಿದ್ದರೆ ಖರ್ಚು ಬಾಗಿಲಲ್ಲೇ ನಿಂತಿದೆ. ಹೊಸ ಸರಪಳಿಯನ್ನು ಹಳೆಯ ಚಕ್ರಕ್ಕೆ ಹಾಕಿದರೆ ಚಕ್ರ ಸರಪಳಿಯನ್ನು ತಿನ್ನುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು. ಕೊಳ್ಳುವ ಮೊದಲೇ ಒಂದು ಕೊಂಡಿಯ ಪಿನ್ನಿನಿಂದ ಮುಂದಿನ ಪಿನ್ನಿಗಿರುವ ಅಂತರವನ್ನು ಅಳೆದು ಬರೆದುಕೊಂಡು, ಅಂಥ ಸರಪಳಿ ಸೊಲ್ಲಾಪುರದಲ್ಲೋ ಕಲಬುರಗಿಯಲ್ಲೋ ದೊರೆಯುತ್ತದೆಯೇ ಎಂದು ವಿಚಾರಿಸಿ ಬರುವುದು ಜಾಣತನ. ಬೇರಿಂಗುಗಳಿಗೆ ಸಾಮಾನ್ಯವಾಗಿ ಅಂಕಿಯಿರುತ್ತದೆ, ಅವು ಎಲ್ಲಿಯೂ ಸಿಗುತ್ತವೆ. ವಿದೇಶಿ ಅಳತೆಯ ಸರಪಳಿ ಸಿಗದೆ ಹೋದರೆ ಯಂತ್ರ ಕೋಳಿ ಕೂರುವ ಗೂಟವಾಗುತ್ತದೆ. ತೋಳನ್ನು ಮೇಲೆತ್ತಿ, ಇಂಜಿನ್ ನಿಲ್ಲಿಸಿ ಕಾಲು ಗಂಟೆ ದೂರ ನಿಂತು ನೋಡಬೇಕು. ತಾನಾಗಿಯೇ ಕೆಳಗಿಳಿದರೆ ಹೈಡ್ರಾಲಿಕ್ ಸೀಲು ಹೋಗಿದೆ.

ಟ್ರ್ಯಾಕ್ಟರಿಗೆ ಜೋಡಿಸುವ ಬಗೆಯದಾದರೆ ಇನ್ನೊಂದು ಸೂಕ್ಷ್ಮವಿದೆ. ಇದನ್ನು ಅರಿಯದೆ ಹಣ ಕಳೆದುಕೊಳ್ಳುವವರೇ ಹೆಚ್ಚು. ಹಿಂದಿನ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತಿರುವಾಗಲೇ ಟ್ರ್ಯಾಕ್ಟರು ಆಮೆಯಂತೆ ತೆವಳಬೇಕು. ಸಾಮಾನ್ಯ ಟ್ರ್ಯಾಕ್ಟರಿನ ಅತಿ ಕಡಿಮೆ ಗೇರು ಕೂಡ ಎರಡು ಮೂರು ಅಡಿ ಆಳದ ಕಾಲುವೆಗೆ ಅತಿವೇಗವೇ. ತೆವಳುಗೇರು ಇಲ್ಲದ ಟ್ರ್ಯಾಕ್ಟರಿನಲ್ಲಿ ಕ್ಲಚ್ಚನ್ನು ಅರ್ಧ ಒತ್ತಿಹಿಡಿದು ಓಡಿಸಿದವರಿಗೆ ಕಾಲುವೆಗಿಂತ ಮೊದಲು ಕ್ಲಚ್ಚು ಮುಗಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಒಬ್ಬನೇ ಕೊಳ್ಳುವುದು ತರವೇ? ನಾಲ್ಕೆಕರೆಯ ರೈತನಿಗೆ ಜೀವಮಾನದಲ್ಲಿ ಬೇಕಾಗುವ ಕಾಲುವೆ ಕೆಲವು ನೂರು ಮೀಟರ್ ಮಾತ್ರ. ಬಾಡಿಗೆಯಾಸೆಗೆ ಅವನು ಊರೂರು ಅಲೆದರೆ ಹದ ಕಾಯುವ ಲಾಭವೇ ಹೋಯಿತು. ಏಳೆಂಟು ಮನೆಗಳು ಕೂಡಿ ಕೊಂಡು, ಒಬ್ಬರೇ ನಡೆಸಿ, ಗ್ರೀಸು ಹಾಕುವ ಹೊಣೆಯನ್ನು ಅವರಿಗೇ ವಹಿಸಿದರೆ ಯಂತ್ರ ಬಾಳುತ್ತದೆ. ಎಲ್ಲರ ಯಂತ್ರ ಎಂದರೆ ಯಾರೂ ಗ್ರೀಸು ಹಾಕದ ಯಂತ್ರ ಎಂಬುದನ್ನೂ ಮರೆಯುವಂತಿಲ್ಲ. ಕೂಲಿಯ ಪ್ರಶ್ನೆಯೂ ಇದೆ. 2005ರ ಉದ್ಯೋಗ ಖಾತರಿ ಕಾಯ್ದೆ ಕೂಲಿಯನ್ನು ಕಸಿಯುವ ಯಂತ್ರಗಳನ್ನು ದೂರವಿಡಬೇಕೆಂದಿತು. ಅದರಡಿ ಉತ್ತರ ಕರ್ನಾಟಕದ ಹೊಲಗಳಲ್ಲಿ ಕಂದಕ, ಬದುಗಳ ಕೆಲಸ ನಡೆಯಿತು. ಊರಿನ ಸಾರ್ವಜನಿಕ ಕೆಲಸಕ್ಕೆ ಈ ಹಳೆಯ ಯಂತ್ರವನ್ನು ಇಳಿಸಿ ಬಡವರ ಬೇಸಿಗೆಯ ಕೂಲಿಯನ್ನು ಕಸಿಯುವುದು ಅನ್ಯಾಯ. ಮನೆಯ ಪೈಪಿಗೆ ಬಳಸುವುದು ಬೇರೆ ಮಾತು. ಪೈಪು ಕೂಡಿಸಿ, ಹಾಸು ಹಾಕಿ, ಮಣ್ಣು ಮುಚ್ಚಲು ಅಲ್ಲಿಯೂ ಆಳು ಬೇಕೇ ಬೇಕು.

ಕೆಲಸಕ್ಕೆ ಇಳಿಯುವ ಮುನ್ನ ನೆಲದೊಳಗೆ ಈಗಾಗಲೇ ಏನಿದೆಯೆಂದು ತಿಳಿಯಬೇಕು. ಜಲಜೀವನ ಯೋಜನೆ 2019ರಲ್ಲಿ ಆರಂಭವಾದ ಮೇಲೆ ಓಣಿಓಣಿಗಳಲ್ಲಿ ನೀರಿನ ಕೊಳವೆಗಳು ಹುಗಿದಿವೆ. ಗ್ರಾಮ ಪಂಚಾಯಿತಿಗೆ ಹೋಗುವ ಆಪ್ಟಿಕಲ್ ಫೈಬರ್ ರಸ್ತೆಯಂಚಿನಲ್ಲಿದೆ. ತೋಟದ ಪಂಪಿನ ವಿದ್ಯುತ್ ತಂತಿ ಎಲ್ಲಿದೆಯೆಂಬುದು ಕೆಲವೊಮ್ಮೆ ಹುಗಿದ ಅಜ್ಜನಿಗಷ್ಟೇ ಗೊತ್ತು. ಸರಪಳಿ ಯಂತ್ರ ಬಕೆಟ್ಟಿನಂತೆ ತಡೆದು ನಿಲ್ಲುವುದಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸಿ ಮುಂದೆ ಹೋಗುತ್ತದೆ. ಅಗೆಯುವವರು ಮೊದಲೇ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಮೊಬೈಲ್ ಆ್ಯಪ್ ಒಂದನ್ನು ತಂದಿದೆ. ಅದನ್ನು ಬಳಸಿದರೂ ಅಜ್ಜನನ್ನು ಕೇಳುವುದನ್ನು ಬಿಡಬಾರದು.

ಯಂತ್ರ ನಡೆಸುವಾಗ ಧೋತರ, ಟವೆಲು, ಸೆರಗು ಯಾವುದೂ ಹತ್ತಿರ ಸುಳಿಯಕೂಡದು. ತಿರುಗುವ ದಂಡದ ಮೇಲಿನ ಪ್ಲಾಸ್ಟಿಕ್ ಕವಚವನ್ನು ಗ್ರೀಸು ಹಾಕಲು ಅಡ್ಡಿಯೆಂದು ಕಿತ್ತು ಬಿಸಾಡಿರುವುದು ಹಳೆಯ ಯಂತ್ರಗಳಲ್ಲಿ ಸಾಮಾನ್ಯ. ಹೊಸ ಕವಚ ಹಾಕದೆ ಯಂತ್ರವನ್ನು ಹೊತ್ತಿಸಲೇಬಾರದು. ಎರೆಯೊಳಗೆ ಹುದುಗಿದ ಕರಿಗಲ್ಲಿಗೆ ಹಲ್ಲು ತಗಲಿದರೆ ಯಂತ್ರ ಹಿಂದಕ್ಕೆ ಜಿಗಿಯುತ್ತದೆ, ಆದ್ದರಿಂದ ತೋಳಿನ ನೇರಕ್ಕೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹೊಲದಲ್ಲೇ ಇರಬಾರದು. ಕಾಲುವೆ ಎದೆಮಟ್ಟ ಆಳವಾದರೆ ಅದರೊಳಗೆ ಇಳಿಯುವ ಮಾತು ಬೇರೆಯಾಗುತ್ತದೆ. ಒಂದೂವರೆ ಮೀಟರ್ ಮೀರಿದ ಕಾಲುವೆಗೆ ಪಕ್ಕದ ಗೋಡೆಗಳಿಗೆ ಹಲಗೆ ಕೊಡಬೇಕೆಂಬುದು ಹಲವೆಡೆ ಒಪ್ಪಿದ ನಿಯಮ. ಎರೆಮಣ್ಣಿನ ಗೋಡೆ ಬೆಳಗ್ಗೆ ಗಾಜಿನಂತೆ ನೆಟ್ಟಗೆ ನಿಂತಿದ್ದು, ಬಿಸಿಲಿಗೆ ಬಿರುಕೊಡೆದು ಮಧ್ಯಾಹ್ನ ಹಲಗೆಯಂತೆ ಕಳಚಿ ಬೀಳುತ್ತದೆ. ಒಂದು ಘನ ಮೀಟರ್ ಮಣ್ಣು ಎದೆಯ ಮೇಲೆ ಬಿದ್ದರೆ ಅದು ಒಂದು ಕಾರು ಬಿದ್ದಂತೆ. ತಲೆ ಹೊರಗಿದ್ದರೂ ಉಸಿರಾಡಲಾಗದು.

ತೋಡಿದ ಮೇಲೆ ಮುಚ್ಚುವ ಕೆಲಸದಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ಹಾಕುವುದು ಸರಪಳಿ ಯಂತ್ರಕ್ಕೆ ತಾನಾಗಿ ಬರುವುದಿಲ್ಲ; ಮೊದಲು ಒಂದಡಿ ತೋಡಿ ಮಣ್ಣನ್ನು ಸರಿಸಿ, ಮತ್ತೊಮ್ಮೆ ಅದೇ ಜಾಡಿನಲ್ಲಿ ಆಳಕ್ಕೆ ಹೋಗಬೇಕು. ಡೀಸೆಲ್ ಹೆಚ್ಚು ಹಿಡಿಯುತ್ತದೆ, ಹೊಲ ಉಳಿಯುತ್ತದೆ. ಪೈಪಿನ ಕೆಳಗೆ ನಾಲ್ಕು ಬೆರಳು ಮರಳು ಅಥವಾ ಸಣ್ಣ ಗರಸು, ಸುತ್ತಲೂ ಅದೇ. ಉಬ್ಬುವ ಮಣ್ಣು ಪೈಪನ್ನು ನೇರವಾಗಿ ಹಿಡಿಯದಂತೆ ಆಗಬೇಕು. ಗಡುಸಾದ ಪಿವಿಸಿಗೆ ಅಂಟಿನ ಜೋಡಣೆಗಿಂತ ರಬ್ಬರು ಬಳೆಯ ಜೋಡಣೆ ಲೇಸು. ಬಾಗುವ ಎಚ್‌ಡಿಪಿಇ ಕೊಳವೆ ಇನ್ನೂ ಲೇಸು. ಪೈಪಿನಲ್ಲಿ ನೀರು ಬಿಟ್ಟು, ಸೋರಿಕೆ ಇಲ್ಲವೆಂದು ಕಂಡ ಬಳಿಕವೇ ಪದರಪದರವಾಗಿ ತುಳಿದು ಮುಚ್ಚಬೇಕು.

ಗುಡ್ಡಗಾಡಿನವರು ಇಲ್ಲಿ ಕಿವಿಗೊಡಬೇಕು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ನೇರವಾಗಿ ತೋಡಿದ ಪೈಪಿನ ಕಾಲುವೆ, ಮುಚ್ಚಿದ ಮೇಲೂ ಒಳಗೊಳಗೆ ಒಂದು ಹಳ್ಳವೇ. ಸಡಿಲ ಮಣ್ಣಿನಲ್ಲಿ ಮಳೆನೀರು ದಾರಿ ಮಾಡಿಕೊಂಡು ಪೈಪಿನುದ್ದಕ್ಕೂ ಓಡುತ್ತದೆ, ಕೆಳಗೆ ಎಲ್ಲೋ ಬುಗ್ಗೆಯಾಗಿ ಒಡೆಯುತ್ತದೆ, ಅಥವಾ ಧರೆಯನ್ನು ನೆನೆಸಿ ಜಾರಿಸುತ್ತದೆ. ಹತ್ತಿಪ್ಪತ್ತು ಅಡಿಗೊಂದರಂತೆ ಕಾಲುವೆಯೊಳಗೆ ಗಟ್ಟಿ ಜೇಡಿಯ ಅಡ್ಡಗಟ್ಟೆ ಒತ್ತಿ, ಮೇಲೆ ಓರೆಯಾಗಿ ಸಣ್ಣ ಬದು ಹಾಕಿ ನೀರನ್ನು ಪಕ್ಕದ ಹುಲ್ಲಿಗೆ ತಿರುಗಿಸದಿದ್ದರೆ ಈ ಯಂತ್ರ ಬೆಟ್ಟಕ್ಕೆ ಬರಕೂಡದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯೊಂದಿಗೆ ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಎತ್ತಿ ತೋರಿದರು. ಅಲ್ಲಿ ಕಡಿದದ್ದು ಈ ಪುಟ್ಟ ಯಂತ್ರವಲ್ಲ, ನಿಜ. ಆದರೆ ಮನೆಯ ಹಿಂದಿನ ಧರೆಯ ನೆತ್ತಿಯಲ್ಲಿ ಒಂದು ಚೋಟಿನ ಸೀಳು ಕೂಡ ನೀರಿಗೆ ತೆರೆದ ಬಾಗಿಲು. ಧರೆಯ ಅಂಚಿನಿಂದ ಅದರ ಎತ್ತರದಷ್ಟಾದರೂ ದೂರ ಸರಿದು ತೋಡಬೇಕು. ಅಷ್ಟು ಜಾಗವಿಲ್ಲದಲ್ಲಿ ಪೈಪನ್ನು ನೆಲದ ಮೇಲೆಯೇ ಹಾಯಿಸಬೇಕು. ಬಿಸಿಲಿಗೆ ಪೈಪು ಹಾಳಾದರೆ ಹೊಸದು ತರಬಹುದು. ಅಡಿಕೆ ತೋಟದ ಬಸಿಗಾಲುವೆಗಳನ್ನು ಯಂತ್ರಕ್ಕೆ ಕೊಡದೆ ಗುದ್ದಲಿಗೇ ಬಿಡುವುದು ಒಳ್ಳೆಯದು, ಬೇರಿನ ಹರಹನ್ನು ಸರಪಳಿ ನೋಡುವುದಿಲ್ಲ.

ಮೋರಟಗಿಯ ಆ ರೈತನ ಕಾಲುವೆ ಮುಚ್ಚಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮುಚ್ಚಿದ ಜಾಡನ್ನು ನೆಲಮಟ್ಟಕ್ಕೆ ಸಮ ಮಾಡದೆ ಗೇಣೆತ್ತರ ಉಬ್ಬಾಗಿ ಬಿಡಬೇಕು. ಮೃಗಶಿರಾ ಮಳೆ ಬಿದ್ದು ಮಣ್ಣು ಕೂತಾಗ ಅದು ಸಮವಾಗುತ್ತದೆ. ಮೊದಲ ದೊಡ್ಡ ಮಳೆಯ ಮರುದಿನ ಬೆಳಗ್ಗೆ ಸಲಿಕೆ ಹೆಗಲಿಗಿಟ್ಟು ಕಾಲುವೆಯುದ್ದಕ್ಕೂ ನಡೆದು, ತಗ್ಗು ಬಿದ್ದಲ್ಲಿ ಎತ್ತಿಟ್ಟ ಮೇಲ್ಮಣ್ಣನ್ನು ತುಂಬಬೇಕು. ಅದಕ್ಕೆಂದು ಎರಡು ಬುಟ್ಟಿ ಕಪ್ಪು ಮಣ್ಣನ್ನು ಬೇವಿನ ಮರದ ಬುಡದಲ್ಲಿ ಮೊದಲೇ ಮುಚ್ಚಿಟ್ಟಿರಬೇಕು.